ಬಿಸಿಲಿಗೆ ಕಪ್ಪಾದ ಗಾಜು

ಅಂಗಡಿಯಲ್ಲಿ ಯಾರಾದರೂ ಎರಡು ಸಾಮಾನು ಮುಂದಿಟ್ಟು, "ಎರಡೂ ಒಂದೇ ಅಮ್ಮಾ, ಯಾವುದಾದ್ರೂ ತಗೊಳ್ರಿ" ಎಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಅಂಗಡಿಯವನದೇನೂ ತಪ್ಪಿರುವುದಿಲ್ಲ, ಪಾಪ. ಟಾರ್ಚೋ, ಮಿಕ್ಸಿಯೋ, ಸ್ಟೀಲಿನ ಡಬ್ಬಿಯೋ, ಅವನಿಗೆ ಎಲ್ಲವೂ ಒಂದೇ. ನಾನು ಮಾತ್ರ ಎರಡನ್ನೂ ಬೆಳಕಿಗೆ ಹಿಡಿದು, ತಿರುಗಿಸಿ, ಉಗುರಿನಿಂದ ಕೆರೆದು ನೋಡುತ್ತೇನೆ. ಹಿಂದೆ ನಿಂತ ಗಿರಾಕಿಗಳು ಗೊಣಗುತ್ತಾರೆ. ಜೊತೆಗೆ ಬಂದ ನನ್ನ ಮಗಳು ದೂರ ಹೋಗಿ ನಿಲ್ಲುತ್ತಾಳೆ. ಅವಳು ಗೊಣಗುವುದಿಲ್ಲ. ಯಾಕೆ ಹೀಗೆ ಮಾಡುತ್ತೇನೆ ಎನ್ನುವುದು ಅವಳೊಬ್ಬಳಿಗೇ ಗೊತ್ತು.

ನನ್ನ ತವರು ಸಿರುಗುಪ್ಪ. ಅಪ್ಪನಿಗೆ ದೇಶನೂರಿನ ಕಡೆ ಕಾಲುವೆ ನೀರಿನ ಗದ್ದೆಯಿತ್ತು, ಊರೊಳಗೆ ಭತ್ತದ ವ್ಯಾಪಾರವಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ನ್ಯಾಯವಂತ ಎನ್ನುವ ಹೆಸರಿತ್ತು. ಆ ಹೆಸರನ್ನು ಕಾಪಾಡಿಕೊಳ್ಳಲು ಪಟ್ಟ ಪಾಡಿನಲ್ಲಿ ಕಾಲು ಭಾಗವನ್ನು ನ್ಯಾಯಕ್ಕಾಗಿ ಪಟ್ಟಿದ್ದರೆ ನಾನು ಇದನ್ನು ಬರೆಯಬೇಕಾಗಿರಲಿಲ್ಲ. ನಾವು ಮೂವರು ಮಕ್ಕಳು. ಅಕ್ಕ, ನಾನು, ನಮ್ಮಿಬ್ಬರ ನಂತರ ತಮ್ಮ. ಅಕ್ಕನನ್ನು ಕುರುಗೋಡಿಗೆ ಕೊಟ್ಟರು. ಮೆಣಸಿನಕಾಯಿ, ಹತ್ತಿ, ಆಳುಕಾಳು ಇದ್ದ ಮನೆ ಅದು. ನನ್ನನ್ನು ಬಳ್ಳಾರಿಗೆ ಕೊಟ್ಟರು. ನಮ್ಮ ಮನೆಯವರು ಟೈಲರ್. ಬೆಂಗಳೂರು ರೋಡಿನ ಹಿಂದಿನ ಸಂದಿಯಲ್ಲಿ ಎರಡು ಮಷೀನು ಹಾಕಿಕೊಂಡು ಪ್ಯಾಂಟು ಹೊಲಿಯುತ್ತಿದ್ದರು. ಕಾಜಾ ಮಾಡುವುದು, ಗುಂಡಿ ಹಚ್ಚುವುದು ನನ್ನ ಕೆಲಸ.

ಅಕ್ಕನ ಮನೆಗೂ ನನ್ನ ಮನೆಗೂ ಇದ್ದ ಅಂತರ ಎಲ್ಲರ ಕಣ್ಣಿಗೆ ಕಾಣುತ್ತಿತ್ತು. ತವರಿನಲ್ಲಿ ಮಾತ್ರ ಅದು ಕಾಣಬಾರದು ಎಂದು ಅಪ್ಪ ಒಂದು ನಿಯಮ ಮಾಡಿದ್ದ. ಹೆಣ್ಣುಮಕ್ಕಳಿಬ್ಬರಿಗೂ ಕೊಡುವುದು ಒಂದೇ ಆಗಿರಬೇಕು. ಕುಪ್ಪಸದ ಖಣ ಕೊಟ್ಟರೆ ಒಂದೇ ಥಾನಿನದು, ಸೀರೆ ಕೊಟ್ಟರೆ ಒಂದೇ ಬಣ್ಣದ್ದು, ಪಾತ್ರೆ ಕೊಟ್ಟರೆ ಒಂದೇ ಅಂಗಡಿಯದು. ಆರಿಸಿಕೊಳ್ಳುವ ಹಾಗೂ ಇರಲಿಲ್ಲ. ಅವ್ವ ಎರಡನ್ನೂ ಮೊರದಲ್ಲಿಟ್ಟು ಮೇಲೆ ತನ್ನ ಸೆರಗು ಮುಚ್ಚುತ್ತಿದ್ದಳು. ಮೊದಲು ಅಕ್ಕ, ಆಮೇಲೆ ನಾನು, ನೋಡದೆ ಸೆರಗಿನ ಕೆಳಗೆ ಕೈ ಹಾಕಿ ಸಿಕ್ಕಿದ್ದನ್ನು ತೆಗೆದುಕೊಳ್ಳಬೇಕು. "ಎರಡೂ ಒಂದ" ಎಂದು ಅಪ್ಪ ಹೇಳಿದ ಮೇಲೆ ಬಿಚ್ಚಿ ಹೋಲಿಸಿ ನೋಡುವುದು ಅಪ್ಪನಿಗೆ ಮಾಡಿದ ಅವಮಾನ. ಓಣಿಯವರು ಇದನ್ನು ಹೊಗಳುತ್ತಿದ್ದರು. ಅಂಥ ಅಪ್ಪನ ಮಗಳು ಎಂದು ನಾನೂ ಬಹಳ ವರ್ಷ ಬೀಗಿದ್ದೇನೆ.

ಆದರೆ ಬಟ್ಟೆಯ ಕೆಲಸ ಮಾಡುವವರ ಮನೆಗೆ ಬಂದ ಮೇಲೆ ಈ "ಎರಡೂ ಒಂದೇ" ಎನ್ನುವ ಮಾತಿನ ಬಗ್ಗೆ ನನಗೆ ಅನುಮಾನ ಶುರುವಾಗಿತ್ತು. ಒಂದೇ ಬಣ್ಣ, ಒಂದೇ ನಂಬರು, ಅಂಗಡಿಯವನು ಕೊಟ್ಟ ಒಂದೇ ಗಂಟು. ಆದರೂ ಒಂದು ಥಾನು ಒಂದು ಮಿಲ್ಲಿನದು, ಇನ್ನೊಂದು ಬೇರೆ ಮಿಲ್ಲಿನದು ಆಗಿರುತ್ತಿತ್ತು. ಹೊಲಿಯುವಾಗ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ನೀರಿಗೆ ಬಿದ್ದ ಮೇಲೆ. ಒಮ್ಮೆ ನಮ್ಮ ಮನೆಯವರು ತಿಳಿಯದೆ ಎರಡು ಥಾನಿನ ತುಂಡು ಸೇರಿಸಿ ಪ್ಯಾಂಟು ಹೊಲಿದರು. ಒಗೆದ ಮೇಲೆ ಅದರ ಒಂದು ಕಾಲು ಕುಗ್ಗಿ ಗಿಣ್ಣಿನ ಮೇಲೆ ಏರಿತ್ತು. ಗಿರಾಕಿ ಅದನ್ನೇ ಹಾಕಿಕೊಂಡು ಬಂದು ಅಂಗಡಿಯ ಮುಂದೆ ನಿಂತಿದ್ದ. ಸಂದಿಯವರೆಲ್ಲ ನಕ್ಕರು. ಗಂಟು ಕೊಟ್ಟ ಅಂಗಡಿಯವನನ್ನು ಯಾರೂ ಬೈಯಲಿಲ್ಲ, ಬೈಸಿಕೊಂಡದ್ದು ಹೊಲಿದವರು.

ಎಂಬತ್ತರ ದಶಕದ ನಡುವಿನ ಮಾತು. ಬಳ್ಳಾರಿಯಲ್ಲಿ ಟೀವಿ ಅಲ್ಲೊಂದು ಇಲ್ಲೊಂದು ಮನೆಗೆ ಬಂದಿತ್ತು. ಅರಬ್ಬರ ದೇಶದಲ್ಲಿ ಫಿಟ್ಟರ್ ಕೆಲಸಕ್ಕೆ ಹೋಗಿದ್ದ ತಮ್ಮ ಮದುವೆ ಮಾಡಿಕೊಳ್ಳಲೆಂದು ಯುಗಾದಿಯ ಮುಂಚೆ ಬಂದ. ಟೇಪ್ ರೆಕಾರ್ಡರ್ ತಂದ, ಸೆಂಟು ತಂದ, ಅಪ್ಪನಿಗೆ ಗಡಿಯಾರ ತಂದ. ಅಕ್ಕನ ಮಗನಿಗೂ ನನ್ನ ಮಗಳಿಗೂ ಒಂದೊಂದು ಆಟದ ಪೆಟ್ಟಿಗೆ ತಂದ. ಅಂಥದ್ದನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಸಾಬೂನಿನ ಡಬ್ಬಿಯಷ್ಟೇ ಇತ್ತು, ಕೆಂಪು ಬಣ್ಣ, ಎರಡು ಬದಿಗೆ ಎರಡು ಗುಂಡಿ, ನಡುವೆ ಒಂದು ಗಾಜು. ಗಾಜಿನೊಳಗೆ ಮರದ ಮೇಲೆ ಒಂದು ಮಂಗ ಕೂತು ಹಣ್ಣು ಎಸೆಯುತ್ತದೆ, ಕೆಳಗೆ ಬುಟ್ಟಿ ಹಿಡಿದ ಮನುಷ್ಯ ಅತ್ತಿತ್ತ ಓಡಿ ಹಿಡಿಯಬೇಕು. ಹಿಡಿದರೆ ಟಿಕ್ಕೆನ್ನುತ್ತದೆ, ತಪ್ಪಿದರೆ ಬರ್ರೆನ್ನುತ್ತದೆ. ಕೈಗಡಿಯಾರದಲ್ಲಿ ಅಂಕಿ ಮೂಡುತ್ತದಲ್ಲ, ಅದೇ ಜಾತಿಯ ಗಾಜು.

ಅವ್ವ ಎಂದಿನಂತೆ ಮೊರ ತಂದಳು, ಸೆರಗು ಮುಚ್ಚಿದಳು. ತಮ್ಮ ಅಪ್ಪನ ಮುಖ ನೋಡಿ, "ಎರಡೂ ಒಂದ ಅಪ್ಪಾ, ಒಂದ ಕಂಪನಿ, ಒಂದ ಅಂಗಡಿ" ಎಂದ. ಅಕ್ಕ ಮೊದಲು ಕೈ ಹಾಕಿದಳು. ಉಳಿದದ್ದು ನನಗೆ ಬಂತು. ಆ ಬೇಸಿಗೆಯ ರಜೆಯಲ್ಲಿ ಮಕ್ಕಳಿಬ್ಬರೂ ಸಿರುಗುಪ್ಪದಲ್ಲೇ ಇದ್ದರು. ದಪ್ಪ ಗೋಡೆಯ ಮಣ್ಣಿನ ಮಾಳಿಗೆಯ ಮನೆ ಅದು, ಹೊರಗೆ ಬೆಂಕಿ ಸುರಿದರೂ ಒಳಗೆ ತಣ್ಣಗಿರುತ್ತಿತ್ತು. ನಡುಮನೆಯಲ್ಲಿ ಬೋರಲು ಮಲಗಿ ಇಬ್ಬರೂ ದಿನವಿಡೀ ಟಿಕ್ ಟಿಕ್ ಎನ್ನಿಸುತ್ತಿದ್ದರು. ಇವನದು ಅವಳು, ಅವಳದು ಇವನು ತೆಗೆದುಕೊಂಡು ಆಡುವುದೂ ಇತ್ತು. ಯಾರೂ ಲೆಕ್ಕಕ್ಕೆ ಇಟ್ಟುಕೊಂಡಿರಲಿಲ್ಲ.

ಒಂದು ಮಧ್ಯಾಹ್ನ ಒಂದು ಪೆಟ್ಟಿಗೆ ಅಂಗಳದ ಕಟ್ಟೆಯ ಮೇಲೆ ಬಿಸಿಲಿನಲ್ಲಿ ಉಳಿದುಬಿಟ್ಟಿತ್ತು. ನನ್ನ ಮಗಳು ಹೋಗಿ ಎತ್ತಿಕೊಂಡು ಚೀರಿದಳು. ಗಾಜು ಪೂರ್ತಿ ಕಪ್ಪಾಗಿತ್ತು. ಮಂಗವೂ ಇಲ್ಲ, ಮನುಷ್ಯನೂ ಇಲ್ಲ, ಶಾಯಿ ಸುರಿದ ಹಾಗೆ. ಒಳಗೆ ಟಿಕ್ ಟಿಕ್ ಸದ್ದು ಮಾತ್ರ ಬರುತ್ತಿತ್ತು. ಅವ್ವ ಅದನ್ನು ಒದ್ದೆ ಅರಿವೆಯಲ್ಲಿ ಸುತ್ತಿ ನೀರಿನ ಗಡಿಗೆಯ ಪಕ್ಕದಲ್ಲಿಟ್ಟು, "ದೃಷ್ಟಿ ಆಗೈತಿ" ಎಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಸಂಜೆಗೆ ಮಂಗ ತಿರುಗಿ ಬಂತು. ಮೆಣಸಿನಕಾಯಿಗೆ ಹೆಸರು ಬಂತು. ಅದು ಯಾರ ಪೆಟ್ಟಿಗೆ ಎಂದು ಆಗ ಯಾರೂ ಕೇಳಲಿಲ್ಲ. ಅಳುತ್ತ ಬಂದವಳು ನನ್ನ ಮಗಳಾದ್ದರಿಂದ ಅದು ಅವಳದೇ ಎಂದು ಎಲ್ಲರ ಮನಸ್ಸಿನಲ್ಲಿ ಕೂತುಬಿಟ್ಟಿತು. ತಮ್ಮ ಅಲ್ಲೇ ಪಡಸಾಲೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಅದನ್ನು ನೆನಪಿಟ್ಟುಕೊಳ್ಳಬೇಕು.

ರಜೆ ಮುಗಿಯುವ ಮುನ್ನ ಅಕ್ಕನೂ ನಾನೂ ಮಕ್ಕಳನ್ನು ಕರೆದುಕೊಂಡು ನಮ್ಮ ನಮ್ಮ ಊರಿಗೆ ಹೋದೆವು. ಕುರುಗೋಡಿನಲ್ಲಿ ಸುತ್ತ ಬಂಡೆಯ ಗುಡ್ಡ, ಬಂಡೆ ಕಾದರೆ ಊರೆಲ್ಲ ಕಾಯುತ್ತದೆ. ಅಕ್ಕನ ಮನೆಯ ಅಟ್ಟಕ್ಕೆ ಆಗ ಹೊಸದಾಗಿ ತಗಡು ಹೊದಿಸಿದ್ದರು, ಅವಳ ಮಗ ಆಡುವುದು ಅಲ್ಲೇ. ಅವನ ಪೆಟ್ಟಿಗೆ ದಿನಾ ಮಧ್ಯಾಹ್ನ ಕಪ್ಪಾಗತೊಡಗಿತು, ರಾತ್ರಿ ಸರಿಹೋಗುತ್ತಿತ್ತು. ನಮ್ಮ ಬಳ್ಳಾರಿಯ ಮನೆ ಏನೂ ತಂಪಾಗಿರಲಿಲ್ಲ, ಇಸ್ತ್ರಿಯ ಕಾವು ಬೇರೆ. ಆದರೂ ನನ್ನ ಮಗಳ ಪೆಟ್ಟಿಗೆಯ ಮಂಗ ಒಂದು ದಿನವೂ ಕಾಣೆಯಾಗಲಿಲ್ಲ. ಕುರುಗೋಡಿನ ಸಂಗತಿ ನನಗೆ ಆಮೇಲೆ ತಿಳಿದದ್ದು.

ಮದುವೆಯ ತಯಾರಿಗೆಂದು ಎಲ್ಲರೂ ಮತ್ತೆ ಸಿರುಗುಪ್ಪದಲ್ಲಿ ಸೇರಿದೆವು. ಕುಪ್ಪಸಗಳನ್ನು ಹೊಲಿಯುವ ಕೆಲಸ ನನ್ನದಾದ್ದರಿಂದ ಮಷೀನಿನ ಸಾಮಾನಿನ ಡಬ್ಬಿ ಹಿಡಿದುಕೊಂಡೇ ಬಂದಿದ್ದೆ. ಮದುವೆಯಲ್ಲಿ ತಮ್ಮನ ಹಿಂದೆ ಕಳಸ ಹಿಡಿದು ನಿಲ್ಲುವವಳೂ ನಾನೇ ಎಂದು ಮೊದಲೇ ಮಾತಾಗಿತ್ತು. ಅಕ್ಕ ನಮ್ಮ ಚಿಕ್ಕಪ್ಪನ ಮಗನ ಮದುವೆಯಲ್ಲಿ ಹಿಡಿದಿದ್ದಳು, ಈ ಸಲ ನನ್ನ ಪಾಳಿ. ನನ್ನ ಮಗಳು ಅಂಗಳಕ್ಕೆ ಕಾಲಿಟ್ಟಳೋ ಇಲ್ಲವೋ, ಅಕ್ಕನ ಮಗ ಓಡಿಬಂದು ಅವಳ ಕೈಯಲ್ಲಿದ್ದ ಪೆಟ್ಟಿಗೆ ಹಿಡಿದು ಎಳೆದ.

"ಕಳ್ಳಿ, ನನ್ನ ಗೇಮ್ ಕೊಡಲೇ!"

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಮಗನನ್ನು ಗದರಿಸಲಿಲ್ಲ. ಎಂಟು ವರ್ಷದ ಹುಡುಗನ ಬಾಯಿಗೆ ಆ ಮಾತು ಎಲ್ಲಿಂದ ಬಂತು ಎಂದು ನನಗೆ ಆಗಲೇ ಅರ್ಥವಾಯಿತು.

"ಅಕ್ಕಾ, ಏನಂತಾನ ಕೇಳಿದಿಲ್ಲೋ?" ಎಂದೆ.

"ಸಣ್ಣ ಹುಡುಗ ಖರೇ ಹೇಳತೈತಿ," ಎಂದಳು. "ನಿನ್ನ ಮಗಳು ತನ್ನ ಪೆಟಿಗಿ ಕೆಡಿಸಿಕೊಂಡಳು, ನೀ ಹೋಗ್ತಾ ಸುಮ್ನ ಬದಲಿ ಮಾಡಿ ಒಯ್ದಿ. ನಿಮ್ಮನಿ ಕಷ್ಟ ನನಗ ಗೊತ್ತೈತಿ. ಕೇಳಿದ್ರ ನಾನ ಕೊಡತಿದ್ದೆ. ಕದಿಯೂದು ಯಾಕ ಬೇಕಿತ್ತು?"

ನಿಮ್ಮನಿ ಕಷ್ಟ. ಕಳ್ಳತನದ ಮಾತಿಗಿಂತ ನನಗೆ ಆ ಮಾತು ಹೆಚ್ಚು ಚುಚ್ಚಿತು. ಇಷ್ಟು ವರ್ಷ ಒಂದೇ ಥಾನಿನ ಖಣ, ಒಂದೇ ಬಣ್ಣದ ಸೀರೆ ಮೊರದಿಂದ ಎತ್ತಿಕೊಂಡವಳ ಹೊಟ್ಟೆಯಲ್ಲಿ ಇದು ಇತ್ತು ಎಂದಾಯಿತು. ನಾನು ಕೂಗಿದೆ. ಅವಳೂ ಕೂಗಿದಳು. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿದರು. ಕೊನೆಗೆ ಅಕ್ಕ ಹೇಳಿದ್ದು ಇಷ್ಟು: "ಕಳಸ ಹಿಡಿಯೂ ಕೈ ಸ್ವಚ್ಛ ಇರಬೇಕು. ಇವಳು ಹಿಡದ್ರ ನಾ ಮದಿವಿಗಿ ನಿಂದ್ರಂಗಿಲ್ಲ, ನನ್ನ ಗಂಡನ್ನ, ಮಗನ್ನ ಕರಕೊಂಡು ಈಗ ಹೋಗ್ತೀನಿ."

ಇಷ್ಟಾದ ಮೇಲೆ ನ್ಯಾಯವಂತ ಅಪ್ಪ ಎದ್ದುಬಂದ.

ಅಪ್ಪ ಪೆಟ್ಟಿಗೆಗಳನ್ನು ಕೈಯಲ್ಲಿ ಹಿಡಿದು ನೋಡಲಿಲ್ಲ. ಮಕ್ಕಳನ್ನು ಕೂರಿಸಿಕೊಂಡು ಏನಾಯಿತು ಎಂದು ಕೇಳಲಿಲ್ಲ. ದೇವರ ಜಗಲಿಯ ಮುಂದೆ ಒಂದು ಮಣೆ ಹಾಕಿಸಿ, ನನ್ನ ಮಗಳನ್ನು ಅದರ ಮೇಲೆ ಕೂರಿಸಿದ. ನನ್ನನ್ನು ಕರೆದ.

"ನಾನೇನು ನಿನ್ನ ಕಳ್ಳಿ ಅನ್ನಂಗಿಲ್ಲ," ಎಂದ. "ಮಗಳ ತಲಿ ಮ್ಯಾಲೆ ಕೈ ಇಟ್ಟು, ಈ ಪೆಟಿಗಿ ಬದಲಿ ಆಗಿಲ್ಲ ಅಂತ ಒಂದು ಮಾತು ಹೇಳಿಬಿಡು. ಇಲ್ಲಿಗಿ ಮುಗೀತು. ಆಮ್ಯಾಲೆ ಯಾರೂ ಪಿಟ್ಟೆನ್ನಂಗಿಲ್ಲ."

ನಮ್ಮ ಕಡೆ ಇದು ದೊಡ್ಡ ಆಣೆ. ಹೊಲದ ಬದುವಿನ ಜಗಳ, ಚಿನ್ನ ಕಳೆದ ಜಗಳ, ಏನೇ ಇದ್ದರೂ ಮಕ್ಕಳ ತಲೆಯ ಮೇಲೆ ಕೈಯಿಟ್ಟು ಹೇಳಿದರೆ ಮುಗಿಯಿತು, ನಂಬಬೇಕು. ಸುಳ್ಳಾದರೆ ಆ ಮಗು ಉಳಿಯುವುದಿಲ್ಲ ಎನ್ನುವ ಭಯವೇ ಅದರ ಬಲ. ನಾನು ಆ ಭಯದಲ್ಲೇ ಬೆಳೆದವಳು. ಅಲ್ಲದೆ ಈ ಮಗಳಿಗಿಂತ ಮೊದಲು ನನಗೆ ಒಂದು ಕೂಸು ಹುಟ್ಟಿ, ಅದೇ ಮನೆಯ ಬಾಣಂತಿ ಕೋಣೆಯಲ್ಲಿ ಹೋಗಿತ್ತು. ಅಪ್ಪನೇ ಅದನ್ನು ಎತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದಿದ್ದ. ಅದೇ ಅಪ್ಪ ಈಗ ಉಳಿದೊಬ್ಬ ಮಗಳನ್ನು ಮಣೆಯ ಮೇಲೆ ಕೂರಿಸಿ, ಒಂದು ಆಟದ ಸಾಮಾನಿಗೆ ಅವಳ ತಲೆ ಮುಟ್ಟು ಎನ್ನುತ್ತಿದ್ದ.

ನಾನು ಬದಲಿ ಮಾಡಿರಲಿಲ್ಲ. ಅದು ನನಗೆ ಗೊತ್ತಿತ್ತು. ಆದರೆ ಮಕ್ಕಳು ದಿನವಿಡೀ ಅದಲು ಬದಲು ಆಡಿದ್ದರು. ಹೊರಡುವ ಗಡಿಬಿಡಿಯಲ್ಲಿ ಯಾರಿಗೂ ತಿಳಿಯದೆ ಇವರದು ಅವರ ಚೀಲಕ್ಕೆ, ಅವರದು ಇವರ ಚೀಲಕ್ಕೆ ಬಿದ್ದಿದ್ದರೆ? ನಾನು "ಬದಲಿ ಆಗಿಲ್ಲ" ಎಂದು ಹೇಳಿ, ಅದು ಸುಳ್ಳಾಗಿಬಿಟ್ಟರೆ?

"ನನ್ನ ಮ್ಯಾಲೆ ಆಣಿ ಮಾಡ್ತೀನಿ ಅಪ್ಪಾ," ಎಂದೆ. "ಕರ್ಪೂರ ಹಚ್ಚು, ಅಂಗೈಯಾಗ ಆರಸ್ತೀನಿ. ನಾ ಮುಟ್ಟಿಲ್ಲ. ಹುಡುಗಿ ತಲಿ ಬ್ಯಾಡ."

"ತನ್ನ ಮ್ಯಾಲಿನ ಆಣಿ ಯಾರು ಬೇಕಾದ್ರೂ ಮಾಡ್ತಾರ," ಎಂದಳು ಅಕ್ಕ. "ಮಗಳ ತಲಿ ಮುಟ್ಟಾಕ ಯಾಕ ಅಂಜತಿ?"

ಮಗಳು ಮಣೆಯ ಮೇಲೆ ಕಾಲು ಮಡಚಿ ಕೂತು, ತಲೆ ಬಗ್ಗಿಸಿ, ನನ್ನ ಕೈಗೆ ಕಾಯುತ್ತಿದ್ದಳು. ಎಣ್ಣೆ ಹಚ್ಚಿ ಎರಡು ಜಡೆ ಹಾಕಿದ್ದೆ. ಬೈತಲೆ ನೆಟ್ಟಗಿತ್ತು. ನಾನು ಕೈ ಚಾಚಿದೆ. ಅರ್ಧಕ್ಕೆ ಹೋದದ್ದನ್ನು ಹಿಂದಕ್ಕೆ ತೆಗೆದುಕೊಂಡೆ. ಅವಳು ತಲೆಯೆತ್ತಿ ನನ್ನ ಮುಖ ನೋಡಿದಳು.

"ಗೊತ್ತಾತಲ್ಲ," ಎಂದಳು ಅಕ್ಕ.

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಪ್ಪ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ಕಂಬಕ್ಕೆ ಒರಗಿ ನಿಂತಿದ್ದ ತಮ್ಮ ತನ್ನ ಕಾಲಿನ ಉಗುರು ನೋಡುತ್ತಿದ್ದ. ಅವನು ಆಗ ಅನುಭವಿಸುತ್ತಿದ್ದುದು ನಾಚಿಕೆ ಎಂದು ನಾನು ತಿಳಿದೆ. ಅಕ್ಕಂದಿರ ಜಗಳಕ್ಕೆ ನಾಚಿಕೆ ಎಂದು.

ನನಗೆ ಸಿಟ್ಟು ಬಂದರೆ ಅಳು ಬರುವುದಿಲ್ಲ, ಕೈ ಸುಮ್ಮನಿರುವುದಿಲ್ಲ. ಎರಡೂ ಪೆಟ್ಟಿಗೆ ಕಸಿದುಕೊಂಡು ಅಂಗಳಕ್ಕೆ ಹೋದೆ. ನೆತ್ತಿಯ ಮೇಲೆ ಸೂರ್ಯ. ಅಪ್ಪ ಕೂತ ಕಟ್ಟೆಯ ಮೇಲೆಯೇ, ಬಿಸಿಲು ಬಿದ್ದ ಕಡೆ, ಎರಡನ್ನೂ ಪಕ್ಕಪಕ್ಕ ಇಟ್ಟೆ. "ಬರ್ರಿ ಎಲ್ಲಾರೂ, ನೋಡ್ರಿ" ಎಂದೆ. ಬಂದರು. ಜಗಳವೆಂದರೆ ಬರದೆ ಇರುತ್ತಾರೆಯೇ. ಒಂದು ಪೆಟ್ಟಿಗೆಯ ಗಾಜು ಅಂಚಿನಿಂದ ಮಸಕಾಗುತ್ತ ಬಂದು, ಮಂಗವನ್ನು ನುಂಗಿ, ಮನುಷ್ಯನನ್ನು ನುಂಗಿ, ಪೂರ್ತಿ ಕಪ್ಪಾಯಿತು. ಇನ್ನೊಂದು ಅದೇ ಕಟ್ಟೆಯ ಮೇಲೆ, ಅದೇ ಬಿಸಿಲಿನಲ್ಲಿ, ಸ್ವಚ್ಛವಾಗಿ ಮಂಗವನ್ನು ತೋರಿಸುತ್ತ ಕೂತಿತ್ತು.

"ಅದನ್ನ ನಾನೂ ಹೇಳಿದ್ದು," ಎಂದಳು ಅಕ್ಕ. "ಒಂದು ಕೆಟ್ಟೈತಿ."

"ಕೆಟ್ಟಿದ್ರ ತಣ್ಣಗಾದ ಮ್ಯಾಲೆ ಹೆಂಗ ಬರತೈತಿ?"

ನನ್ನ ತಲೆಯಲ್ಲಿ ಆ ಪ್ಯಾಂಟು ಓಡುತ್ತಿತ್ತು. ಒಂದು ಕಾಲು ಕುಗ್ಗಿದ ಪ್ಯಾಂಟು. ಬಣ್ಣ ಒಂದೇ, ನಂಬರು ಒಂದೇ, ಮಿಲ್ಲು ಬೇರೆ. ಸಾಮಾನಿನ ಡಬ್ಬಿಯಿಂದ ಮಷೀನಿನ ಸಣ್ಣ ಸ್ಕ್ರೂಡ್ರೈವರ್ ತಂದೆ. ತಮ್ಮ ಅದನ್ನು ನೋಡಿದ್ದೇ ಮುಂದೆ ಬಂದ.

"ಅಕ್ಕಾ, ಬಿಚ್ಚಬ್ಯಾಡ, ಹಾಳಾಗತೈತಿ."

"ಹಾಳಾಗಲಿ," ಎಂದೆ. "ನನ್ನ ಮಗಳಿಗಿಂತ ಹೆಚ್ಚಿಂದೇನು?"

ಪಡಸಾಲೆಯಲ್ಲಿ ಕೂತು ಎರಡರ ಬೆನ್ನನ್ನೂ ಬಿಚ್ಚಿದೆ. ಒಳಗಿನ ಹಸಿರು ಹಲಗೆ ಒಂದೇ, ಸೆಲ್ಲಿನ ಗೂಡು ಒಂದೇ, ಗುಂಡಿಯ ಕೆಳಗಿನ ರಬ್ಬರು ಒಂದೇ. ಮೆತ್ತಗೆ ಗಾಜು ಎತ್ತಿದೆ. ಒಂದು ಗಾಜಿನ ಮೂಲೆಯಲ್ಲಿ ನೀಲಿ ಬಣ್ಣದ ಸಣ್ಣ ಮುದ್ರೆ, ಪಕ್ಕದಲ್ಲಿ ನಮಗ್ಯಾರಿಗೂ ಓದಲು ಬಾರದ ಎರಡು ಅಕ್ಷರ. ಇನ್ನೊಂದಕ್ಕೆ ಮುದ್ರೆಯೇ ಇಲ್ಲ, ಅಂಚಿನಲ್ಲಿ ಬರೀ ಗೀರಿ ಬರೆದ ಅಂಕಿ. ಒಂದರ ಗಾಜು ದಪ್ಪ, ಇನ್ನೊಂದರದು ತೆಳುವು. ಬೆಳಕಿಗೆ ಹಿಡಿದರೆ ಮುದ್ರೆಯದು ಬೂದಿ ಬಣ್ಣಕ್ಕೆ, ಮುದ್ರೆ ಇಲ್ಲದ್ದು ಹಳದಿಗೆ ತಿರುಗುತ್ತಿತ್ತು. ಕಪ್ಪಾಗುತ್ತಿದ್ದದ್ದು ಆ ಹಳದಿಯದು. ಎರಡೂ ಬೇರೆ ಬೇರೆ ಕಾರ್ಖಾನೆಯ ಗಾಜು. ಹೊರಗಿನ ಕೆಂಪು ಚಿಪ್ಪು ಮಾತ್ರ ಒಂದೇ. ನಾನು ಗೆದ್ದೆ ಎಂದುಕೊಂಡೆ. ಎರಡನ್ನೂ ಅಂಗೈಯಲ್ಲಿಟ್ಟು ಅಕ್ಕನ ಮುಂದೆ ಹಿಡಿದೆ.

ಅಕ್ಕ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಹೇಳಿದಳು, "ಬಳ್ಳಾರ್‍ಯಾಗ ಏನ್ ಸಿಗಂಗಿಲ್ಲ? ರೇಡಿಯೋ ರಿಪೇರಿ ಅಂಗಡಿಯಾಗ ಗಾಜ ಬದಲಿ ಮಾಡಿಸಿ ತಂದಿ. ಅದಕ್ಕ ಬಿಚ್ಚಾಕ ಅಷ್ಟು ಸರಾಗ ಬಂತು."

ನಗಬೇಕೋ ಅವಳ ಕೆನ್ನೆಗೆ ಬಾರಿಸಬೇಕೋ ತಿಳಿಯಲಿಲ್ಲ. ಅಪ್ಪನ ಕಡೆ ತಿರುಗಿದೆ. ಅಪ್ಪನ ಮುಖದಲ್ಲಿ ಅಕ್ಕನ ಮಾತು ಕೆಲಸ ಮಾಡುತ್ತಿತ್ತು. ಅವನು ಅದನ್ನು ನಂಬಲು ತಯಾರಾಗುತ್ತಿದ್ದ. ಯಾಕೆಂದರೆ ಅದನ್ನು ನಂಬಿದರೆ ಅವನ ನಿಯಮ ಉಳಿಯುತ್ತಿತ್ತು: ಮೊರದಲ್ಲಿ ಇಟ್ಟಾಗ ಎರಡೂ ಒಂದೇ ಇದ್ದವು, ಕೆಡಿಸಿದವಳು ಮಗಳು. ಮತ್ತೆ ಮಣೆಯ ಕಡೆ ಕೈ ತೋರಿಸಿ, "ಇನ್ನೊಮ್ಮಿ ಕೇಳ್ತೀನಿ, ತಲಿ ಮುಟ್ಟಿ ಹೇಳ್ತೀಯೋ ಇಲ್ಲೋ" ಎಂದ.

ಆಗ ತಮ್ಮ ಬಾಯಿ ಬಿಟ್ಟ.

"ಬಿಡು ಅಪ್ಪಾ. ಮೊದಲಿಂದ ಹಂಗ ಅದಾವು."

ಎಲ್ಲರೂ ಅವನ ಕಡೆ ತಿರುಗಿದರು. ಅವನು ನೆಲ ನೋಡುತ್ತಲೇ ಹೇಳಿದ. ಅಂಗಡಿಯಲ್ಲಿ ಎರಡನ್ನೂ ಚಾಲೂ ಮಾಡಿ ತೋರಿಸಿದಾಗಲೇ ಒಂದು ಗಾಜು ಸ್ವಲ್ಪ ಮಸಕಾಗಿತ್ತಂತೆ, ಓರೆಯಾಗಿ ನೋಡಿದರೆ ಚಿತ್ರ ಮಾಯವಾಗುತ್ತಿತ್ತಂತೆ. ಬೇರೆ ಕೊಡು ಎಂದು ಇವನು ಕೇಳಿದ್ದಕ್ಕೆ ಅಂಗಡಿಯವನು ಹೇಳಿದನಂತೆ: ಕಂಪನಿಯವರು ಗಾಜನ್ನು ತಾವು ಮಾಡುವುದಿಲ್ಲ, ಎರಡು ಕಡೆಯಿಂದ ತರಿಸುತ್ತಾರೆ, ಅವತ್ತು ಯಾವ ಕಡೆಯ ಗಾಜಿನ ಗಂಟು ಬಿಚ್ಚಿದರೋ ಅದನ್ನು ಹಾಕುತ್ತಾರೆ, ನಿನ್ನ ನಸೀಬು, ಇದೊಂದು ಜೊತೆ ಮಾತ್ರ ಉಳಿದಿದೆ, ಬೇಕಿದ್ದರೆ ತಗೋ.

"ಮತ್ತ ಅವತ್ತು ಎರಡೂ ಒಂದ ಅಂದೆಲ್ಲೋ," ಎಂದ ಅಪ್ಪ.

"ನಮ್ಮನಿಯಾಗ ಮತ್ತ ಹೆಂಗ ಹೇಳ್ಬೇಕಿತ್ತು?" ಎಂದ ತಮ್ಮ. "ಫರಕ್ಕು ಐತಿ ಅಂದಿದ್ರ ನೀ ಮೊರಕ್ಕ ಇಡಾಕ ಬಿಡತಿದ್ದೇನು? ಮಸಕಿಂದು ದೊಡ್ಡಕ್ಕನ ಕೈಗಿ ಬಂದದ್ದು ನಾ ಅವತ್ತ ನೋಡೀನಿ. ಬಿಸಿಲಾಗ ಕಪ್ಪಾಗಿದ್ದೂ ಅದ. ಬದಲಿ ಗಿದಲಿ ಏನೂ ಆಗಿಲ್ಲ. ಮದಿವಿ ಹೊತ್ನ್ಯಾಗ ಯಾಕ ತಕರಾರು ಅಂತ ಸುಮ್ಕಿದ್ದೆ."

ಸುಮ್ಕಿದ್ದೆ! ನನ್ನ ಮಗಳು ಮಣೆಯ ಮೇಲೆ ತಲೆ ಬಗ್ಗಿಸಿ ಕೂತಾಗ ಸುಮ್ಮನಿದ್ದ. ಅವಳನ್ನು ಕಳ್ಳಿ ಎಂದಾಗ ಸುಮ್ಮನಿದ್ದ. ಚಹಾ ಕುಡಿಯುತ್ತ ಕೂತವನಿಗೆ ಯಾವ ಪೆಟ್ಟಿಗೆ ಯಾರದು ಎಂದು ಮೊದಲ ದಿನದಿಂದ ಗೊತ್ತಿತ್ತು. ನಾನು ಎತ್ತಿ ಆಡಿಸಿದ ತಮ್ಮ ಅವನು. ಯಾವುದೋ ದೇಶದ ಕಾರ್ಖಾನೆಯವನು ಒಂದು ಚಿಪ್ಪಿನಲ್ಲಿ ಎರಡು ಥರದ ಗಾಜು ತುಂಬಿ ಕಳಿಸಿದ, ಅವನಿಗೆ ನಾವು ಯಾರೆಂದು ಗೊತ್ತಿಲ್ಲ. ಅವನನ್ನು ಕ್ಷಮಿಸಬಹುದು. ಇವನಿಗೆ ಗೊತ್ತಿತ್ತು. ನಾನು ಅವನಿಗೆ ಅವತ್ತು ಏನೇನು ಅಂದೆ ಎಂದು ಇಲ್ಲಿ ಬರೆಯುವುದಿಲ್ಲ. ಅಂದದ್ದು ಕಡಿಮೆಯಾಯಿತು ಎಂದು ಮಾತ್ರ ಈಗಲೂ ಅನ್ನಿಸುತ್ತದೆ.

ಅಪ್ಪ ಧೋತರ ಕೊಡವಿಕೊಂಡು ಎದ್ದ. "ಆತು, ಗೊತ್ತಾತಲ್ಲ. ಆಗಿದ್ದಾತು. ಊಟಕ್ಕ ಏಳ್ರಿ" ಎಂದ. ಅಷ್ಟೇ. ನ್ಯಾಯ ಮುಗಿಯಿತು. ಅವ್ವ ಎಲೆ ಹಾಕತೊಡಗಿದಳು. ಅಕ್ಕ ಕಣ್ಣೊರೆಸಿಕೊಂಡು, ಏನೂ ಆಗದವಳಂತೆ, "ಬಾರವ್ವಾ, ಎಷ್ಟು ಹೊತ್ತು ಸಿಟ್ಟು ಮಾಡ್ತಿ" ಎಂದು ನನ್ನ ಕೈ ಹಿಡಿದಳು.

"ನನ್ನ ಕೈ ಬಿಡು," ಎಂದೆ. "ಹುಡುಗಿನ್ನ ಕರದು, ತಪ್ಪಾತು, ನೀ ಕಳ್ಳಿ ಅಲ್ಲ ಅಂತ ಹೇಳು."

"ಸಣ್ಣವ್ರಿಗಿ ಏನ್ ಹೇಳೂದು? ಅವು ನಾಳಿಗಿ ಮರೀತಾವ."

ಅಪ್ಪನನ್ನು ಕೇಳಿದೆ. ಅಪ್ಪ ಕೈ ತೊಳೆಯುತ್ತಿದ್ದ, ಕೇಳಿಸಲಿಲ್ಲವೆಂಬಂತೆ ಚೊಂಬು ಬಗ್ಗಿಸಿದ. ಆ ಮನೆಯಲ್ಲಿ ದೊಡ್ಡವರು ದೊಡ್ಡವರನ್ನೇ ತಪ್ಪಾಯಿತು ಎಂದು ಕೇಳುತ್ತಿರಲಿಲ್ಲ, ಇನ್ನು ಮಕ್ಕಳನ್ನು ಕೇಳುವುದೆಲ್ಲಿ. ನಾನು ಪೆಟ್ಟಿಗೆಗಳನ್ನು ಮತ್ತೆ ಜೋಡಿಸಿ, ಮುದ್ರೆಯ ಗಾಜಿನದು ನಮ್ಮದು, ಹಳದಿಯದು ಅವರದು ಎಂದು ಮಕ್ಕಳ ಕೈಗೆ ಕೊಟ್ಟು, ಊಟ ಮಾಡದೆ ಚೀಲ ಕಟ್ಟಿದೆ. ಕುಪ್ಪಸಗಳನ್ನು ಬಳ್ಳಾರಿಯಲ್ಲೇ ಹೊಲಿದು ಕಳಿಸುತ್ತೇನೆ ಎಂದೆ.

ಕಳಸವನ್ನು ಕೊನೆಗೆ ನಾನೇ ಹಿಡಿದೆ. ಹಿಡಿಯದಿದ್ದರೆ ನೋಡಿದವರು ಏನೆಂದುಕೊಳ್ಳುತ್ತಾರೆ ಎಂದು ಅವ್ವ ಬಳ್ಳಾರಿಯವರೆಗೆ ಬಂದು ಅತ್ತಳು. ಮದುವೆಯ ಫೋಟೋ ನೋಡಿದವರು, ಬಿಸಿಲಿಗೆ ಮುಖ ಗಂಟು ಹಾಕಿಕೊಂಡಿದ್ದೀಯಲ್ಲ ಎನ್ನುತ್ತಾರೆ. ಮದುವೆ ನಡೆದದ್ದು ಚಪ್ಪರದ ನೆರಳಿನಲ್ಲಿ.

ಆದರೆ ನನ್ನ ಸಿಟ್ಟು ಇಷ್ಟು ವರ್ಷ ಆರದೆ ಉಳಿದಿರುವುದು ಕಳಸಕ್ಕಾಗಿ ಅಲ್ಲ, ಕಳ್ಳಿ ಎಂದದ್ದಕ್ಕೂ ಅಲ್ಲ. ಆ ಜಗಳದ ದಿನವೇ, ಸಂಜೆಯ ಮುಂದೆ, ಬಳ್ಳಾರಿಯ ಬಸ್ಸಿನಲ್ಲಿ ನಡೆದದ್ದಕ್ಕೆ.

ಬಸ್ಸಿನಲ್ಲಿ ಜನ ಕಡಿಮೆ ಇದ್ದರು. ಮಗಳು ಕಿಟಕಿಯ ಪಕ್ಕ ಕೂತಿದ್ದಳು. ತೆಕ್ಕಲಕೋಟೆಯಲ್ಲಿ ಕಡಲೆಕಾಯಿ ಕೊಡಿಸಿದೆ, ತಿನ್ನಲಿಲ್ಲ. ಊರು ದಾಟಿದ ಮೇಲೆ ಚೀಲದಿಂದ ಪೆಟ್ಟಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. ಕಿಟಕಿಯ ಬಿಸಿಲು ನೇರ ಅದರ ಮೇಲೆ ಬೀಳುತ್ತಿತ್ತು. ಅವಳು ಆಡುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದಳು. ನಾನೂ ನೋಡಿದೆ. ಗಾಜು ಅಂಚಿನಿಂದ ಮಸಕಾಗುತ್ತ, ಕಪ್ಪಾಗುತ್ತ ಬಂತು.

"ಇದು ಅವರದಲ್ಲೇನ?" ಎಂದೆ.

"ಬರೂ ಮುಂದ ನಾನ ಬದಲಿ ಮಾಡಿದೆ," ಎಂದಳು. "ಚಲೋದು ಅವನಿಗಿ ಕೊಟ್ಟು ಬಂದೀನಿ. ಇನ್ನ ಯಾರೂ ಏನೂ ಕೇಳಂಗಿಲ್ಲ."

ಬಸ್ಸು ಇಳಿದು, ಸಿರುಗುಪ್ಪಕ್ಕೆ ತಿರುಗಿ ಹೋಗಿ, ಆ ಮನೆಯವರನ್ನು ಒಬ್ಬೊಬ್ಬರನ್ನೇ ಎಳೆದು ತಂದು ಇವಳ ಮುಂದೆ ನಿಲ್ಲಿಸಬೇಕು ಎನ್ನಿಸಿತು. ಅವಳು ಕಪ್ಪು ಗಾಜಿನಿಂದ ಕಣ್ಣು ತೆಗೆಯದೆ ಕೇಳಿದಳು.

"ಅವ್ವಾ, ನೀ ಯಾಕ ನನ್ನ ತಲಿ ಮ್ಯಾಲೆ ಕೈ ಇಡಲಿಲ್ಲ?"

"ನಿನಗ ಏನರ ಆದೀತು ಅಂತ ಅಂಜಿಕಿ ಆತವ್ವಾ," ಎಂದೆ. "ನೀ ಬಿಟ್ರ ನನಗ ಯಾರದಾರ?"

"ಇಲ್ಲ," ಎಂದಳು. "ನಾ ಕದ್ದೀನಿ ಅಂತ ನಿನಗೂ ಅನಿಸಿತ್ತು."

ನಾನು ಕೈಯೆತ್ತಿ ಅವಳ ತಲೆಯ ಮೇಲಿಡಲು ಹೋದೆ. ಅವಳು ತಲೆ ತಪ್ಪಿಸಿ ಕಿಟಕಿಯ ಕಡೆಗೆ ಸರಿದು ಕೂತಳು.